ಲೋಟದ ಹತ್ತಿರ ಹೋದಾಗಲೇ ಕೈ ನಡುಗುವುದೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ಕಳೆದ ಕೊಯ್ಲಿನವರೆಗೂ ತೋಟದಲ್ಲಿ ಕಾರ್ಮಿಕರ ಜೊತೆ ನಿಂತು ಕಾಫಿ ಹಣ್ಣು ಕೊಯ್ಯುತ್ತಿದ್ದರು. ಈಗ ಸುಮ್ಮನೆ ಕುಳಿತಾಗ ಅವರ ಕೈ ನಡುಗುವುದಿಲ್ಲ. ಕಾಫಿ ಲೋಟಕ್ಕೆ ಕೈ ಚಾಚಿದರೆ, ಲೋಟ ಹತ್ತಿರವಾದಷ್ಟೂ ನಡುಕ ಹೆಚ್ಚುತ್ತದೆ, ಕೆಲವೊಮ್ಮೆ ಕೈ ಲೋಟವನ್ನು ದಾಟಿಯೇ ಹೋಗುತ್ತದೆ. ತೋಳಿನ ಶಕ್ತಿ ಮಾತ್ರ ಮೊದಲಿನಂತೆಯೇ ಇದೆ. ವೈದ್ಯರು ಅನುಮಸ್ತಿಷ್ಕದ ತೊಂದರೆ ಎಂದಿದ್ದಾರೆ. ಶಕ್ತಿಯಿದ್ದೂ ಕೈ ಗುರಿ ತಪ್ಪುವುದು ಹೇಗೆ?
– ಓದುಗರು, ನಾಪೋಕ್ಲು

ಉತ್ತರ: ನಿಮ್ಮ ತಂದೆಯವರನ್ನು ನೀವು ಬಹಳ ಎಚ್ಚರದಿಂದ ಗಮನಿಸಿದ್ದೀರಿ. ಕೈ ಸುಮ್ಮನಿರುವಾಗ ನಡುಗದೆ ಗುರಿಯ ಹತ್ತಿರ ಹೋದಾಗಲಷ್ಟೇ ನಡುಗುವುದು ಅನುಮಸ್ತಿಷ್ಕದ ತೊಂದರೆಯ ಗುರುತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ, ಕೈ ತೊಡೆಯ ಮೇಲೆ ವಿಶ್ರಾಂತಿಯಲ್ಲಿದ್ದಾಗ ನಡುಕ ಎದ್ದು ಕಾಣುತ್ತದೆ.

ಅನುಮಸ್ತಿಷ್ಕವೆಂದರೆ ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗೆ ಕುಳಿತಿರುವ ಕಿರುಮೆದುಳು. ಇಡೀ ಮೆದುಳಿನ ತೂಕದಲ್ಲಿ ಅದರ ಪಾಲು ಸುಮಾರು ಶೇ. 10 ಮಾತ್ರ, ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಅಲ್ಲಿಯೇ ಇವೆ. ‘ಕೈ ಚಾಚು’ ಎಂಬ ಆಜ್ಞೆ ಹೊರಡುವುದು ದೊಡ್ಡ ಮೆದುಳಿನಿಂದ. ಆದ್ದರಿಂದಲೇ ಅನುಮಸ್ತಿಷ್ಕಕ್ಕೆ ಪೆಟ್ಟಾದರೂ ತೋಳಿನ ಬಲ ಬಹುಮಟ್ಟಿಗೆ ಉಳಿಯುತ್ತದೆ, ಕೆಡುವುದು ಅಳತೆ.

ನಿಮ್ಮ ತಂದೆಯವರು ಹಣ್ಣು ಕೊಯ್ಯುತ್ತಿದ್ದ ರೀತಿಯನ್ನೇ ನೆನಪಿಸಿಕೊಳ್ಳಿ. ಎಲೆಗಳ ನಡುವೆ ವೇಗವಾಗಿ ನುಗ್ಗಿದ ಕೈ ಗೆಣ್ಣಿನ ಬಳಿ ತಾನಾಗಿ ನಿಧಾನಗೊಂಡು, ಪಕ್ಕದ ಹಸಿರು ಕಾಯಿಯನ್ನು ಉದುರಿಸದೆ ಕೆಂಪು ಹಣ್ಣನ್ನಷ್ಟೇ ಹಿಡಿಯುತ್ತಿತ್ತು. ಇಲ್ಲಿ ಕಠಿಣವಾದ ಕೆಲಸ ಕೈಯನ್ನು ಹೊರಡಿಸುವುದಲ್ಲ, ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಕಣ್ಣು ಕಂಡದ್ದನ್ನು ಆಧರಿಸಿ ಕೈಯನ್ನು ತಿದ್ದಲು ಸುಮಾರು 100ರಿಂದ 200 ಮಿಲಿಸೆಕೆಂಡು ಬೇಕು. ವೇಗವಾಗಿ ಸಾಗುವ ಕೈ ಅಷ್ಟರಲ್ಲಿ ಹಣ್ಣನ್ನು ದಾಟಿರುತ್ತದೆ. ಹಾಗಾಗಿ ಕಣ್ಣಿನ ವರದಿಗಾಗಿ ಕಾಯುತ್ತ ಕೂರುವಂತಿಲ್ಲ. ಸ್ನಾಯುಗಳಿಗೆ ಹೋಗುವ ಆಜ್ಞೆಯ ಒಂದು ಪ್ರತಿ ಅನುಮಸ್ತಿಷ್ಕಕ್ಕೂ ತಲುಪುತ್ತದೆ, ಕೀಲು ಮತ್ತು ಸ್ನಾಯುಗಳ ಸ್ಥಿತಿಯ ಸುದ್ದಿ ಬೆನ್ನುಹುರಿಯ ಮೂಲಕ ಬರುತ್ತದೆ. ಇವೆರಡನ್ನೂ ಕೂಡಿಸಿ, ಮುಂದಿನ ಕ್ಷಣದಲ್ಲಿ ಕೈ ಎಲ್ಲಿರುತ್ತದೆ ಎಂದು ಅದು ಮುಂಚಿತವಾಗಿ ಅಂದಾಜಿಸಿ, ಯಾವಾಗ ಎಷ್ಟು ತಡೆ ಹಾಕಬೇಕೆಂದು ತಿಳಿಸುತ್ತದೆ ಎಂಬುದು ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪಿರುವ ವಿವರಣೆ. 2019ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಒಂದು ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಇಲಿ ಆಹಾರಕ್ಕೆ ಕೈ ಚಾಚುವಾಗ ಅನುಮಸ್ತಿಷ್ಕದ ಒಳಗಿನ ಒಂದು ನರಕೋಶಗುಚ್ಛ ಚಲನೆಯ ಕೊನೆಯ ಹಂತದಲ್ಲಿ ಚುರುಕಾಗುತ್ತಿತ್ತು. ಅದನ್ನು ಸುಮ್ಮನಾಗಿಸಿದಾಗ ಕೈ ಗುರಿಯನ್ನು ಮೀರಿ ಹೋಗುತ್ತಿತ್ತು.

ಈ ಅಂದಾಜು ಕೈಕೊಟ್ಟಾಗ ಉಳಿಯುವುದು ತಡವಾಗಿ ಬರುವ ಕಣ್ಣಿನ ವರದಿಯೊಂದೇ. ಕೈ ಲೋಟವನ್ನು ದಾಟುತ್ತದೆ, ತಡವಾಗಿ ತಿದ್ದಿದಾಗ ಹಿಂದಕ್ಕೆ ಅತಿಯಾಗಿ ಬರುತ್ತದೆ, ಮತ್ತೆ ತಿದ್ದಬೇಕಾಗುತ್ತದೆ. ನಿಮಗೆ ನಡುಕವಾಗಿ ಕಾಣುವುದು ಬಹುಮಟ್ಟಿಗೆ ಈ ಸಾಲುಸಾಲು ತಿದ್ದುಪಡಿಗಳೇ. ತಮ್ಮ ಮೂಗನ್ನು ಮುಟ್ಟಿ, ಬಳಿಕ ವೈದ್ಯರ ಬೆರಳನ್ನು ಮುಟ್ಟುವಂತೆ ನಿಮ್ಮ ತಂದೆಯವರಿಗೆ ಹೇಳಿರಬಹುದು. ಆ ಪರೀಕ್ಷೆ ಹುಡುಕುವುದು ಇದನ್ನೇ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿದ ಬ್ರಿಟಿಷ್ ನರವೈದ್ಯ ಗಾರ್ಡನ್ ಹೋಮ್ಸ್ ಇವನ್ನೆಲ್ಲ 1917ರಲ್ಲಿಯೇ ವಿವರವಾಗಿ ದಾಖಲಿಸಿದ್ದರು. ಅನುಮಸ್ತಿಷ್ಕದ ಯಾವ ಬದಿಗೆ ಪೆಟ್ಟಾಗಿದೆಯೋ ಅದೇ ಬದಿಯ ಕೈ ಕೆಡುತ್ತದೆ ಎಂಬುದನ್ನೂ ಅವರು ತೋರಿಸಿದರು.

ಪಾರ್ಶ್ವವಾಯು, ದೀರ್ಘಕಾಲದ ಮದ್ಯಪಾನ, ಕೆಲವು ಔಷಧಗಳು, ವಂಶಪಾರಂಪರ್ಯ ಹೀಗೆ ಕಾರಣಗಳು ಹಲವು. ನರರೋಗ ತಜ್ಞರಿಂದ ಕಾರಣವನ್ನು ಖಚಿತಪಡಿಸಿಕೊಳ್ಳಿ. ಕಾಳುಮೆಣಸು ಕೊಯ್ಯಲು ಅವರು ಏಣಿ ಹತ್ತುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಇಂತಹ ಲಕ್ಷಣ ಯಾರಿಗಾದರೂ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಶ್ನೆ: ಹೊಸ ಕನ್ನಡಕ ಹಾಕಿದ ಮೊದಲ ದಿನಗಳಲ್ಲಿ ಹಾಕಿ ಆಡುವಾಗ ಚೆಂಡು ಸ್ಟಿಕ್ಕಿಗೆ ಸಿಗುತ್ತಿರಲಿಲ್ಲ, ವಾರದೊಳಗೆ ತಾನಾಗಿ ಸರಿಹೋಯಿತು. ಇದಕ್ಕೂ ಅನುಮಸ್ತಿಷ್ಕವೇ ಕಾರಣವೇ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಬಹುಪಾಲು ಹೌದು. ದೃಶ್ಯವನ್ನು ಪಕ್ಕಕ್ಕೆ ಸರಿಸಿ ತೋರಿಸುವ ಪ್ರಿಸಂ ಕನ್ನಡಕ ಹಾಕಿ ಗುರಿಗೆ ಚೆಂಡು ಎಸೆಯುವ ಪ್ರಯೋಗಗಳಲ್ಲಿ, ಮೊದಲ ಎಸೆತಗಳು ಪಕ್ಕಕ್ಕೆ ಬಿದ್ದರೂ ಕೆಲವೇ ಎಸೆತಗಳಲ್ಲಿ ಕೈ ಹೊಂದಿಕೊಳ್ಳುತ್ತದೆ. ಕನ್ನಡಕ ತೆಗೆದೊಡನೆ ಚೆಂಡು ಎದುರು ಬದಿಗೆ ಬೀಳುತ್ತದೆ, ಏಕೆಂದರೆ ಕೈ ಆ ಹೊತ್ತಿಗೆ ಹೊಸ ಲೆಕ್ಕವನ್ನು ಕಲಿತಿರುತ್ತದೆ. ಅನುಮಸ್ತಿಷ್ಕಕ್ಕೆ ಹಾನಿಯಾದ ಹಲವರಲ್ಲಿ ಎಷ್ಟು ಬಾರಿ ಎಸೆದರೂ ಚೆಂಡು ಅದೇ ಪಕ್ಕಕ್ಕೆ ಬೀಳುತ್ತಿರುತ್ತದೆ, ಕನ್ನಡಕ ತೆಗೆದಾಗ ಎದುರು ಬದಿಗೆ ತಪ್ಪುವುದೂ ಇಲ್ಲ.