ಕಪ್ಪುಕುಳಿ ಬೆಳೆದರೆ ನಕ್ಷತ್ರಗಳ ಹುಟ್ಟು ನಿಲ್ಲುವುದೇ?

ಪ್ರಶ್ನೆ: ಗೆಲಾಕ್ಸಿಯ ನಡುವಿನ ಕಪ್ಪುಕುಳಿ ಬೆಳೆದಂತೆ ಅಲ್ಲಿ ಹೊಸ ನಕ್ಷತ್ರಗಳ ಹುಟ್ಟು ನಿಲ್ಲುತ್ತದೆ ಎಂದು ಓದಿದೆ. ಗೆಲಾಕ್ಸಿಯಲ್ಲಿರುವ ಅನಿಲವನ್ನೆಲ್ಲ ಕಪ್ಪುಕುಳಿಯೇ ನುಂಗಿಬಿಡುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಇಲ್ಲ, ಅಷ್ಟನ್ನು ನುಂಗುವ ಶಕ್ತಿ ಅದಕ್ಕಿಲ್ಲ. ನಮ್ಮ ಕ್ಷೀರಪಥದ ನಡುವಿನ ಕಪ್ಪುಕುಳಿ ಸೂರ್ಯನ ಸುಮಾರು 40 ಲಕ್ಷ ಪಟ್ಟು ದ್ರವ್ಯರಾಶಿಯದ್ದಾದರೂ, ಅದರ ಗುರುತ್ವದ ಹಿಡಿತ ನಡೆಯುವುದು ಸುತ್ತಲಿನ ಕೆಲವು ಜ್ಯೋತಿರ್ವರ್ಷಗಳಷ್ಟು ದೂರದಲ್ಲಿ ಮಾತ್ರ. ಗೆಲಾಕ್ಸಿಯ ಅಗಲವಾದರೋ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಆದ್ದರಿಂದ ಕಪ್ಪುಕುಳಿ ಒಳಗೆಳೆದುಕೊಳ್ಳುವುದಕ್ಕಿಂತ ಅದು ಹೊರಚೆಲ್ಲುವ ಶಕ್ತಿಯ ಕಡೆಗೆ ನಾವು ಗಮನ ಕೊಡಬೇಕು.

ಒಳಗೆ ಬೀಳುವ ಅನಿಲ ನೇರವಾಗಿ ಬೀಳದೆ, ತಟ್ಟೆಯಾಕಾರದಲ್ಲಿ ಸುತ್ತುತ್ತ ಕಾದು, ತನ್ನ ದ್ರವ್ಯರಾಶಿಯ ಸುಮಾರು ಶೇ. 10ರಷ್ಟನ್ನು ಶಕ್ತಿಯಾಗಿ ಹೊರಬಿಡುತ್ತದೆ. ನಕ್ಷತ್ರದೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಶಕ್ತಿಯಾಗಿ ಬದಲಾಗುವುದು ಕೇವಲ ಶೇ. 0.7. ಈ ಲೆಕ್ಕದಲ್ಲಿ ಕಪ್ಪುಕುಳಿ ತನ್ನ ಬೆಳವಣಿಗೆಯುದ್ದಕ್ಕೂ ಹೊರಬಿಟ್ಟ ಶಕ್ತಿಯ ಸಣ್ಣದೊಂದು ಪಾಲು ಅನಿಲಕ್ಕೆ ತಗುಲಿದರೂ ಗೆಲಾಕ್ಸಿಯ ಗತಿ ಬದಲಾಗಲು ಸಾಕು. ನಕ್ಷತ್ರ ಹುಟ್ಟಬೇಕಾದರೆ ಅನಿಲ ಸೊನ್ನೆಗಿಂತ 250 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ತಣ್ಣಗಾಗಿ ಕುಸಿಯಬೇಕು. ಬಿಸಿಯಾದ ಅನಿಲ ಒತ್ತಡದಿಂದ ಹಿಗ್ಗುತ್ತದೆಯೇ ಹೊರತು ಕುಸಿಯುವುದಿಲ್ಲ.

ಇದಕ್ಕೆ ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷಿ ಪರ್ಸಿಯಸ್ ಗೆಲಾಕ್ಸಿ ಗುಚ್ಛ. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಈ ಗುಚ್ಛದ ನಡುವೆ ಎನ್‌ಜಿಸಿ 1275 ಎಂಬ ದೈತ್ಯ ಗೆಲಾಕ್ಸಿಯಿದೆ. ಅದರ ಸುತ್ತಲಿನ, ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ಎಕ್ಸ್-ಕಿರಣಗಳನ್ನು ಸೂಸುತ್ತ ತಣಿಯುತ್ತಿದೆ. ಅಡ್ಡಿಯೇನೂ ಇಲ್ಲದಿದ್ದರೆ ಪ್ರತಿ ವರ್ಷ ನೂರಾರು ಸೂರ್ಯರಷ್ಟು ಅನಿಲ ತಣ್ಣಗಾಗಿ ನಕ್ಷತ್ರಗಳಾಗಬೇಕಿತ್ತು, ಆದರೆ ಹುಟ್ಟುತ್ತಿರುವ ನಕ್ಷತ್ರಗಳು ಅದಕ್ಕಿಂತ ಬಹಳ ಕಡಿಮೆ. ಕಪ್ಪುಕುಳಿಯ ಬಳಿಯಿಂದ ಚಿಮ್ಮಿದ ಧಾರೆಗಳು ಆ ಅನಿಲದಲ್ಲಿ ದೊಡ್ಡ ಪೊಳ್ಳುಗಳನ್ನು ಕೊರೆದಿರುವುದನ್ನು ಚಂದ್ರಾ ಎಕ್ಸ್-ಕಿರಣ ದೂರದರ್ಶಕ ತೋರಿಸಿತು. ಅಲ್ಲಿಂದ ಹೊರಟ ಒತ್ತಡದ ಅಲೆಗಳು ಅನಿಲದೊಳಗೆ ಹರಡುತ್ತಿರುವುದನ್ನು 2003ರಲ್ಲಿ ವರದಿ ಮಾಡಲಾಯಿತು. ಅನಿಲ ತಣಿಯದಂತೆ ತಡೆಯುತ್ತಿರುವುದು ಮುಖ್ಯವಾಗಿ ಈ ಧಾರೆಗಳ ಶಕ್ತಿಯೇ ಎಂಬುದು ಇಂದು ಹೆಚ್ಚಿನ ಖಗೋಳ ವಿಜ್ಞಾನಿಗಳ ಅಭಿಪ್ರಾಯ.

ಆದರೂ ಎಲ್ಲ ಗೆಲಾಕ್ಸಿಗಳ ವಿಷಯದಲ್ಲಿ ಕಪ್ಪುಕುಳಿಯನ್ನೇ ಹೊಣೆ ಮಾಡಲು ಆತುರಪಡಬಾರದು. ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳು ವೇಗವಾಗಿ ಚಲಿಸುವಷ್ಟೂ ಅಲ್ಲಿನ ಕಪ್ಪುಕುಳಿ ದೊಡ್ಡದಾಗಿರುತ್ತದೆ ಎಂದು 2000ದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಅತ್ಯಂತ ಹೆಚ್ಚಿದ್ದದ್ದೂ ಕಪ್ಪುಕುಳಿಗಳು ಅತಿ ವೇಗವಾಗಿ ಬೆಳೆದದ್ದೂ ಸುಮಾರು 1000 ಕೋಟಿ ವರ್ಷಗಳ ಹಿಂದಿನ ಒಂದೇ ಕಾಲದಲ್ಲಿ. ಇಷ್ಟರಿಂದಲೇ ಒಂದು ಕಾರಣ, ಇನ್ನೊಂದು ಪರಿಣಾಮ ಎನ್ನಲಾಗದು. ಒಂದೇ ಕೆರೆಯ ನೀರು ಎರಡು ಗದ್ದೆಗಳಿಗೆ ಹರಿದಂತೆ, ಎರಡಕ್ಕೂ ಬೇಕಾದದ್ದು ತಣ್ಣನೆಯ ಅನಿಲವೇ. ಹಾಗಾಗಿ ಇಂದು ಚುರುಕಾಗಿ ಬೆಳೆಯುತ್ತಿರುವ ಕಪ್ಪುಕುಳಿಯ ಸುತ್ತ ನಕ್ಷತ್ರಗಳ ಹುಟ್ಟೂ ಜೋರಾಗಿ ನಡೆಯುತ್ತಿರುವುದು ಹಲವೆಡೆ ಕಾಣುತ್ತದೆ. ಕಪ್ಪುಕುಳಿಯ ಚಟುವಟಿಕೆ ಆಗಾಗ ಹೊತ್ತಿ ಆರುವಂಥದ್ದು, ಗೆಲಾಕ್ಸಿಯಲ್ಲಿ ತಣ್ಣನೆಯ ಅನಿಲ ಬರಿದಾಗುವುದು ಕೋಟ್ಯಂತರ ವರ್ಷಗಳ ಒಟ್ಟು ಪರಿಣಾಮದಿಂದ.

ಪ್ರಶ್ನೆ: ಕಪ್ಪುಕುಳಿಯಿಂದ ನಕ್ಷತ್ರಗಳ ಹುಟ್ಟಿಗೆ ನೆರವಾಗುವುದೂ ಉಂಟೇ?
– ಓದುಗರು, ತುಮಕೂರು

ಉತ್ತರ: ಉಂಟು. ಸೆಂಟಾರಸ್ ಎ ಗೆಲಾಕ್ಸಿಯಿಂದ ಚಿಮ್ಮಿದ ಧಾರೆಯ ಹಾದಿಯಲ್ಲಿ, ಗೆಲಾಕ್ಸಿಯ ಮುಖ್ಯ ಭಾಗದಿಂದ ಬಹು ದೂರದಲ್ಲಿ, ಎಳೆಯ ನಕ್ಷತ್ರಗಳಿವೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾಗಿ, 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಂದಿಗೆ ಹಾರಿದ ನೇರಳಾತೀತ ದೂರದರ್ಶಕವೂ ಈ ಗೆಲಾಕ್ಸಿಯನ್ನು ಗಮನಿಸಿದೆ. ಬಿಸಿಯಾದ ಎಳೆಯ ನಕ್ಷತ್ರಗಳು ಹೆಚ್ಚು ಬೆಳಗುವುದು ನೇರಳಾತೀತದಲ್ಲೇ ಆದ್ದರಿಂದ ಇಂಥ ಹುಡುಕಾಟಕ್ಕೆ ಆ ಉಪಕರಣ ಬಹಳ ತಕ್ಕದ್ದು. ಹೆನೈಜ್ 2-10 ಎಂಬ ಕುಬ್ಜ ಗೆಲಾಕ್ಸಿಯಲ್ಲಿ ಕಪ್ಪುಕುಳಿಯಿಂದ ಹೊರಟ ಅನಿಲದ ಹರಿವು ದಟ್ಟ ಮೋಡವನ್ನು ತಲುಪಿದ ಕಡೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವುದನ್ನು 2022ರಲ್ಲಿ ಹಬಲ್ ದೂರದರ್ಶಕದ ನೆರವಿನಿಂದ ಗುರುತಿಸಲಾಯಿತು. ರಭಸದ ಹರಿವು ವಿರಳ ಅನಿಲವನ್ನು ಕಾಯಿಸಿ ಚದುರಿಸುತ್ತದೆ. ಹದವಾದ ವೇಗದಲ್ಲಿ ದಟ್ಟ ಮೋಡಕ್ಕೆ ತಗುಲಿದರೆ ಅದನ್ನು ಒತ್ತಿ ಕುಸಿತಕ್ಕೆ ದೂಡುತ್ತದೆ.