ಪಂಪ್‌ಹೌಸ್ ಮೊಬೈಲ್‌ನಲ್ಲಿ ಬೇಕೇ?

ಪ್ರಶ್ನೆ: ಪಟ್ಟಣದ ನೀರಿನ ಪಂಪ್‌ಹೌಸ್ ನೋಡಿಕೊಳ್ಳುತ್ತೇನೆ. ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದರೆ ಮನೆಯಿಂದಲೇ ಮೊಬೈಲ್‌ನಲ್ಲಿ ಪಂಪ್ ಆನ್-ಆಫ್ ಮಾಡಬಹುದು ಎನ್ನುತ್ತಾರೆ ಪಿಎಲ್‌ಸಿ (ಪಂಪ್ ನಡೆಸುವ ಪುಟ್ಟ ಕಂಪ್ಯೂಟರ್) ಹಾಕಿದವರು. ಒಪ್ಪಿಕೊಳ್ಳಲಾ ಸರ್?
– ಓದುಗರು, ಗದಗ

ಉತ್ತರ: ದಯವಿಟ್ಟು ಒಪ್ಪಬೇಡಿ. ಹಾಗೆ ತೆರೆದ ಪೋರ್ಟ್ ನಿಮಗೊಬ್ಬರಿಗೇ ಅಲ್ಲ, ಇಡೀ ಇಂಟರ್ನೆಟ್ಟಿಗೆ ಕಾಣುತ್ತದೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಊರಿನಲ್ಲಿ ನೀರಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಸ್ಟೇಷನ್ನಿಗೆ ಹ್ಯಾಕರ್‌ಗಳು ನುಗ್ಗಿದ್ದರು. ಅಲ್ಲಿದ್ದದ್ದು ಯುನಿಟ್ರಾನಿಕ್ಸ್ ಪಿಎಲ್‌ಸಿ. ಅದಕ್ಕೆ ಕಂಪನಿಯಿಂದಲೇ ಬರುತ್ತಿದ್ದ ಪಾಸ್‌ವರ್ಡ್ 1111! ಸಿಬ್ಬಂದಿ ಕೂಡಲೇ ಮ್ಯಾನ್ಯುಯಲ್‌ಗೆ ಬದಲಾಯಿಸಿದ್ದರಿಂದ ಜನರಿಗೆ ನೀರು ತಪ್ಪಲಿಲ್ಲ.

ಮೊಬೈಲ್ ಬೇಡವೇ ಬೇಡ ಅಂತಲ್ಲ. ರಾತ್ರಿ ಟ್ಯಾಂಕ್ ಮಟ್ಟ ನೋಡಲು ಮೊಬೈಲ್ ಇದ್ದರೆ ಎಷ್ಟು ನೆಮ್ಮದಿ ಅಲ್ವಾ? ಪ್ಯಾನೆಲ್ ಕೂರಿಸುವ ಕೆಲಸ ಮಾಡಿದವನು ನಾನು, ಆ ಒದ್ದಾಟ ಗೊತ್ತು. ಆದರೆ ವಿಪಿಎನ್ (ಇಂಟರ್ನೆಟ್ಟಿನೊಳಗೇ ಬೀಗ ಹಾಕಿದ ಖಾಸಗಿ ದಾರಿ) ಮೂಲಕವೇ ಒಳಗೆ ಬನ್ನಿ. ಪಾಸ್‌ವರ್ಡ್ ಜೊತೆ ಮೊಬೈಲಿಗೆ ಬರುವ ಕೋಡ್ ಕೂಡ ಕೇಳುವಂತಿರಲಿ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನಲ್ಲಿ ಹ್ಯಾಕರ್‌ಗಳು ಕದ್ದ ಪಾಸ್‌ವರ್ಡ್‌ನಿಂದ ವಿದ್ಯುತ್ ಕಂಪನಿಗಳ ವಿಪಿಎನ್‌ಗೇ ನುಗ್ಗಿ, ಸುಮಾರು 2,25,000 ಗ್ರಾಹಕರ ವಿದ್ಯುತ್ ಕಡಿದಿದ್ದರು. ಮೊಬೈಲ್‌ನಲ್ಲಿ ಬರೀ ನೋಡಲು ಬರಲಿ, ಆನ್-ಆಫ್ ಪಂಪ್‌ಹೌಸಿನಲ್ಲೇ ಇರಲಿ. ಪಿಎಲ್‌ಸಿಗೆ ಕೀ ಸ್ವಿಚ್ ಇದ್ದರೆ ದೂರದಿಂದ ಪ್ರೋಗ್ರಾಂ ಬದಲಾಯಿಸಲು ಆಗದಂತೆ 'ರನ್'ನಲ್ಲಿಟ್ಟು ಕೀ ತೆಗೆದಿಡಿ. ರಿಪೇರಿಗೆ ಬರುವವರಿಗೆ ಬೇರೆ ಲಾಗಿನ್ ಕೊಡಿ, ಕೆಲಸ ಮುಗಿದ ದಿನವೇ ಬಂದ್ ಮಾಡಿ.