ಬಾದಾಮಿಯ ಹಳೆ ಮನೆಯಲ್ಲಿ ಹೋಮ್‌ಸ್ಟೇ ಶುರು ಮಾಡಲು 15 ಲಕ್ಷ ಸಾಲ ತೆಗೆಯಬಹುದಾ?

ನೀವು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ. ಬಾದಾಮಿಯಲ್ಲಿ ಅಜ್ಜನ ಕಾಲದ ಕಲ್ಲಿನ ಮನೆ ಇದೆ, ಅಪ್ಪ ಅವ್ವ ಅಲ್ಲೇ ಇದ್ದಾರೆ. ಮೇಲೆ ಎರಡು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡಬೇಕು ಅಂತಿದ್ದೀರಿ. ಅದಕ್ಕೆ 15 ಲಕ್ಷ ಸಾಲ ಮಾಡಬಹುದಾ, ಬೆಂಗಳೂರಿನಿಂದಲೇ ನಡೆಸಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಬಾದಾಮಿಯವಳೇ. ನಮ್ಮ ಮನೆಯಲ್ಲೂ ಕೆಲವು ಕೋಣೆ ಹೀಗೆ ನಡೆಸುತ್ತೇವೆ. ಹೋಮ್‌ಸ್ಟೇ ಖಂಡಿತ ಮಾಡಿ. ಆದರೆ 15 ಲಕ್ಷ ಬೇಡ. ಎಷ್ಟು ಸಾಲ ಬೇಕು ಅಂತ ಡಿಸೆಂಬರ್ ನೋಡಿ ತೀರ್ಮಾನ ಮಾಡಬೇಡಿ, ಮೇ ತಿಂಗಳು ನೋಡಿ ಮಾಡಿ.

ಯಾಕೆ ಅಂತ ಲೆಕ್ಕ ಹಾಕೋಣ. ಎರಡು ಕೋಣೆ, ದಿನಕ್ಕೆ 1,800 ರೂಪಾಯಿ ಅಂತ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಎರಡೂ ಕೋಣೆ ಸೇರಿ 36 ರಾತ್ರಿ ತುಂಬಿದರೆ 64,800 ಬರುತ್ತದೆ. ಬುಕಿಂಗ್ ಆ್ಯಪ್‌ನವರ ಕಮಿಷನ್ ಶೇ 15 ಅಂತ ಹಿಡಿಯಿರಿ. ಕೆಲಸದವರ ಪಗಾರ, ಕರೆಂಟು, ಬಟ್ಟೆ ಒಗೆಸೋದು, ಚಹಾ ನಾಷ್ಟಾ ಎಲ್ಲ ಸೇರಿ 18,000. ಕೈಯಲ್ಲಿ ಉಳಿಯೋದು ಸುಮಾರು 37,000. ಚೆನ್ನಾಗೇ ಇದೆ, ಅಲ್ವಾ? ಈಗ ಮೇ ತಿಂಗಳಿಗೆ ಬನ್ನಿ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆ ಕಾದಿರುತ್ತದೆ. ಗುಹೆ ಹತ್ತೋಕೆ ಯಾರು ಬರುತ್ತಾರೆ? ಎಂಟು ರಾತ್ರಿ ತುಂಬಿದರೆ 14,400. ಕಮಿಷನ್ ಕಳೆದು, ಪಗಾರ ಕೊಟ್ಟು, ಬಂದವರಿಗೆ ಎಸಿ ಹಾಕಿದ ಬಿಲ್ ಕಟ್ಟಿದರೆ ಉಳಿಯೋದು ಏನೂ ಇಲ್ಲ ಅನ್ನುವಷ್ಟೇ.

15 ಲಕ್ಷಕ್ಕೆ ಶೇ 11 ಬಡ್ಡಿ, 7 ವರ್ಷದ ಅವಧಿ ಅಂದರೆ ಕಂತು ತಿಂಗಳಿಗೆ ಸುಮಾರು 25,700. ವರ್ಷಕ್ಕೆ 3 ಲಕ್ಷದ ಮೇಲೆ. ನಮ್ಮೂರಲ್ಲಿ ಜೋರು ಇರೋದು ನವೆಂಬರ್‌ನಿಂದ ಜನವರಿವರೆಗೆ. ಅಕ್ಟೋಬರ್, ಫೆಬ್ರುವರಿ ಸಾಧಾರಣ. ಮಳೆಗಾಲದಲ್ಲಿ ಅಕ್ಕ ತಂಗಿ ಜಲಪಾತ ನೋಡೋಕೆ ಶನಿವಾರ ಭಾನುವಾರ ಒಂದಿಷ್ಟು ಜನ. ಎಲ್ಲ ಕೂಡಿಸಿದರೂ ಎರಡು ಕೋಣೆಯಿಂದ ವರ್ಷಕ್ಕೆ ಒಂದೂವರೆ, ಒಂದು ಮುಕ್ಕಾಲು ಲಕ್ಷ ಉಳಿದರೆ ದೊಡ್ಡದು. ಬಾಕಿ ನಿಮ್ಮ ಪಗಾರದಿಂದ ಹೋಗುತ್ತದೆ. ಅದೇ 5 ಲಕ್ಷ ಸಾಲ ಆದರೆ ಕಂತು 8,600ರ ಆಸುಪಾಸು. ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ. ಅದನ್ನು ಕೋಣೆಗಳೇ ತೀರಿಸುತ್ತವೆ.

5 ಲಕ್ಷದಲ್ಲಿ ಮೇಲೆ ಕಟ್ಟೋಕೆ ಆಗಲ್ಲ ಅಂತೀರಿ. ಕಟ್ಟಲೇಬೇಡಿ ಅನ್ನೋದೇ ನನ್ನ ಅಭಿಪ್ರಾಯ. ಬಾದಾಮಿಯಲ್ಲಿ ಇಟ್ಟಿಗೆ ತರಿಸುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. 2010ರ ತಿದ್ದುಪಡಿ ಕಾಯ್ದೆ ಇದು. ಗುಹೆ, ಭೂತನಾಥ, ಮಾಲೆಗಿತ್ತಿ ಶಿವಾಲಯ ಅಂತ ಊರ ಸುತ್ತ ಸ್ಮಾರಕಗಳೇ ಇರುವಾಗ ಹಳೆ ಊರಿನ ಎಷ್ಟೋ ಮನೆ ಈ ಅಳತೆಯೊಳಗೆ ಬರುತ್ತವೆ. ಹಳೆ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸೋದೂ ಹೊಸ ಕಟ್ಟಡವೇ. ದುರಸ್ತಿಗೆ ಕೂಡ ಅನುಮತಿ ಬೇಕು, ಆದರೆ ಅದು ಸಿಗುವ ದಾರಿ ಇದೆ. ಮೊದಲು ನಿಮ್ಮ ಮನೆ ಎಷ್ಟು ದೂರದಲ್ಲಿದೆ ಅಂತ ಅಳೆಸಿ. ಇದಾಗದೆ ಬ್ಯಾಂಕಿನ ಮೆಟ್ಟಿಲು ಹತ್ತಬೇಡಿ.

ಇನ್ನೊಂದು ಮಾತು. ಪಡಸಾಲೆಯ ಆಚೀಚೆ ಕೋಣೆಗಳು ಇರಬೇಕಲ್ಲ? ಅವನ್ನೇ ಸರಿ ಮಾಡಿ. ದಪ್ಪ ಕಲ್ಲಿನ ಗೋಡೆಯ ಕೋಣೆ ಬೇಸಿಗೆಯಲ್ಲಿ ಸ್ಲ್ಯಾಬ್ ಕೋಣೆಗಿಂತ ಎಷ್ಟೋ ತಂಪು. ಬಂದವರಿಗೆ ಬೇಕಾಗಿರೋದೂ ಅಂಥ ಮನೆಯೇ. ಟೈಲ್ಸ್ ಹಾಕಿದ ಕೋಣೆ ಅವರಿಗೆ ಎಲ್ಲ ಊರಲ್ಲೂ ಸಿಗುತ್ತದೆ. ನಿಮ್ಮ ದುಡ್ಡು ಹೋಗಬೇಕಾದದ್ದು ಬಚ್ಚಲಿಗೆ: ಕೋಣೆಗೊಂದು ಕಮೋಡ್, ಬಿಸಿ ನೀರು, ಸೋರದ ನಲ್ಲಿ. ಆಮೇಲೆ ಒಳ್ಳೆ ಗಾದಿ. ಪರದೆಗೆ ಗುಳೇದಗುಡ್ಡದ ಖಣದ ಬಟ್ಟೆ ಹಾಕಿ, ಫೋಟೊದಲ್ಲೂ ಚೆಂದ ಕಾಣುತ್ತದೆ. ಕಿಟಕಿಗೆ ಜಾಳಿಗೆ ಮರೆಯಬೇಡಿ. ನಮ್ಮೂರ ಮಂಗಗಳ ವಿಷಯ ನಿಮಗೆ ಗೊತ್ತೇ ಇದೆ, ನೀರಿನ ಟಾಕಿಯ ಮುಚ್ಚಳವನ್ನೂ ಬಿಡಲ್ಲ.

ಸಾಲದ ಬಗ್ಗೆ. ಸಣ್ಣ ವ್ಯಾಪಾರಗಳಿಗೆ ಸಾಲ ಕೊಡುವ ಮುದ್ರಾ ಯೋಜನೆಯಲ್ಲಿ ಹೋಮ್‌ಸ್ಟೇಗೂ ಸಾಲ ಕೊಡುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ಅಡಮಾನ ಬೇಕಿಲ್ಲ. 50 ಸಾವಿರದಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. 20 ಲಕ್ಷದವರೆಗಿನ ತರುಣ್ ಪ್ಲಸ್ ಇದೆ ನಿಜ, ಆದರೆ ಅದು ತರುಣ್ ಸಾಲ ತೆಗೆದು ತೀರಿಸಿದವರಿಗೆ ಮಾತ್ರ. ಹಾಗಾಗಿ ಮೊದಲ ಸಲಕ್ಕೆ 15 ಲಕ್ಷ ಈ ದಾರಿಯಲ್ಲಿ ಸಿಗೋದೂ ಇಲ್ಲ. ಬ್ಯಾಂಕಿಗೆ ಕೊಟೇಶನ್, ಖರ್ಚು ಆದಾಯದ ಅಂದಾಜು, ಮನೆಯ ಉತಾರ (ಆಸ್ತಿ ದಾಖಲೆಯ ಪ್ರತಿ) ಬೇಕಾಗುತ್ತವೆ. ಉತಾರ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿ. ಕಾಕಾಗಳು ಇದ್ದರೆ ಕೂತು ಮಾತಾಡಿ ವಾಟ್ನಿ (ಪಾಲು) ಪತ್ರ ಮಾಡಿಕೊಳ್ಳಿ. ಮನೆಗೆ ಬಾಡಿಗೆ ಬರೋಕೆ ಶುರುವಾದ ಮೇಲೆ ಈ ಮಾತು ತೆಗೆದರೆ ಸಂಬಂಧ ಕೆಡುತ್ತದೆ. ಬ್ಯಾಂಕಿನವರ ಹತ್ತಿರ ಇನ್ನೊಂದು ಕೇಳಿ: ಕೆಲಸ ಮುಗಿಯೋವರೆಗೆ ಕಂತಿಗೆ ವಿನಾಯಿತಿ ಕೊಡಿ, ಮೊದಲ ಕಂತು ನವೆಂಬರ್‌ಗೆ ಬರುವ ಹಾಗೆ ಮಾಡಿ ಅಂತ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ಕಂತಿನ ದುಡ್ಡು ಚಳಿಗಾಲದಲ್ಲೇ ಬೇರೆ ಖಾತೆಗೆ ಹಾಕಿಬಿಡಿ.

ಬೆಂಗಳೂರಿನಿಂದ ನಡೆಸಬಹುದಾ? ಬುಕಿಂಗ್ ನೋಡೋದು, ದರ ಏರಿಸಿ ಇಳಿಸೋದು, ಫೋನ್ ಎತ್ತೋದು ನೀವು ಮಾಡಬಹುದು. ಉಳಿದದ್ದು ಇಲ್ಲಿರುವವರ ಕೆಲಸ. ಹೋಮ್‌ಸ್ಟೇ ನೋಂದಣಿಗೆ ಮಾಲೀಕರ ಕುಟುಂಬ ಆ ಮನೆಯಲ್ಲೇ ವಾಸ ಇರಬೇಕು. ಅಪ್ಪ ಅವ್ವ ಇದ್ದಾರಲ್ಲ, ಅವರ ಹೆಸರಲ್ಲೇ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಹಾಕಿ. ಆದರೆ ಅವರ ಮೇಲೆ ಕೆಲಸ ಹೇರಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅವ್ವ ಬಂದವರ ಜೊತೆ ಮಾತಾಡಲಿ, ಊಟಕ್ಕೆ ಏನು ಅಂತ ಹೇಳಲಿ. ಚಾದರ ಒಗೆಯೋದು, ಬಚ್ಚಲು ತೊಳೆಯೋದು, ರೊಟ್ಟಿ ಬಡಿಯೋದು ಅವರಿಗೆ ಬೇಡ. ಓಣಿಯಲ್ಲೇ ಒಬ್ಬರನ್ನು ಗೊತ್ತು ಮಾಡಿ, ಬೇಸಿಗೆಯಲ್ಲೂ ಪೂರ್ತಿ ಪಗಾರ ಕೊಡಿ. ಮೇ ತಿಂಗಳಲ್ಲಿ ಬಿಡಿಸಿದರೆ ಚಳಿಗಾಲದ ಬನಶಂಕರಿ ಜಾತ್ರೆ ಹೊತ್ತಿಗೆ ಅವರು ಬೇರೆ ಕಡೆ ಸೇರಿರುತ್ತಾರೆ. ಬಿಸಿ ಜೋಳದ ರೊಟ್ಟಿ, ಎಣ್ಣಗಾಯಿ, ಶೇಂಗಾ ಚಟ್ನಿ ಮಾಡುವ ಕೈ ಸಿಕ್ಕರೆ ಕೋಣೆ ತಾನಾಗಿ ತುಂಬುತ್ತದೆ. ಊಟದ ದುಡ್ಡು ಅವರಿಗೇ ಬಿಟ್ಟರೂ ನಿಮಗೆ ನಷ್ಟ ಇಲ್ಲ.

ಎಲ್ಲರ ಗುರುತಿನ ಚೀಟಿಯ ಪ್ರತಿ ತೆಗೆದು ರಿಜಿಸ್ಟರ್‌ನಲ್ಲಿ ಬರೆಯಿರಿ. ಚಳಿಗಾಲದಲ್ಲಿ ಬಂಡೆ ಹತ್ತೋಕೆ ವಿದೇಶಿಯರೂ ಬರುತ್ತಾರೆ. ಅವರು ಬಂದ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸಲೇಬೇಕು. ಇದನ್ನು ನೀವೇ ಬೆಂಗಳೂರಿನಿಂದ ಮಾಡಿ, ಅಪ್ಪನಿಗೆ ಬಿಡಬೇಡಿ. ಜಿಎಸ್‌ಟಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ, ಆ್ಯಪ್ ಮೂಲಕ ಬಂದ ಬುಕಿಂಗ್‌ನ ತೆರಿಗೆ ಆ್ಯಪ್‌ನವರೇ ಕಟ್ಟುತ್ತಾರೆ. ಆದರೆ ಬಂದ ಆದಾಯವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿ. ಮುಂದೆ ತರುಣ್ ಸಾಲ ಕೇಳುವಾಗ ಬ್ಯಾಂಕಿನವರು ನೋಡೋದು ಅದನ್ನೇ.

ಈ ಸಲ ಊರಿಗೆ ಬಂದಾಗ ಸ್ಮಾರಕದಿಂದ ದೂರ ಅಳೆಸಿ, ಉತಾರ ತೆಗೆಸಿ. ಎರಡು ಬಚ್ಚಲು, ಪ್ಲಂಬಿಂಗ್, ವೈರಿಂಗ್‌ಗೆ ಇಬ್ಬರು ಮೇಸ್ತ್ರಿಗಳಿಂದ ಕೊಟೇಶನ್ ತರಿಸಿ ಇಲ್ಲೇ ಹಾಕಿ. ಯಾವುದು ಜಾಸ್ತಿ, ಯಾವುದು ಸರಿ ಅಂತ ನೋಡಿ ಹೇಳುತ್ತೇನೆ.